ಒಡೆಯನಿಗೆ ಸೆರೆಯಾಳು ಬರೆದ ಪತ್ರ

ಅಪೊಸ್ತಲ ಪೌಲನ ಪತ್ರಗಳಲ್ಲೆಲ್ಲ ಫಿಲೆಮೋನನಿಗೆ ಬರೆದದ್ದೇ ಚಿಕ್ಕದು. ಬರೀ 25 ವಚನ. ಇದು ಕನ್ನಡಕ್ಕೆ ಬಂದದ್ದು ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತಂದರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆ ಆಗ ಬಳ್ಳಾರಿ ಜಿಲ್ಲೆಯದು. ಇಂದು ಕೊಟ್ಟೂರು, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳೂ ಸೇರಿ ವಿಜಯನಗರ ಜಿಲ್ಲೆಯಲ್ಲಿವೆ. ಜೀತ, ಮುಂಗಡ, ಗುಳೆ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲದ ನೆಲ ಇದು. ಒಡೆಯನ ಮನೆ ಬಿಟ್ಟುಬಂದ ಆಳೊಬ್ಬನ ಪರವಾಗಿ ಬರೆದ ಈ ಪತ್ರವನ್ನು ಇಲ್ಲಿ ಕೂತು ನಿಧಾನವಾಗಿ ಓದಬೇಕು.

ವಚನ 1–3: ಬೇರೆ ಹಲವು ಪತ್ರಗಳಲ್ಲಿ ತಾನು ಅಪೊಸ್ತಲನೆಂದು ಅಧಿಕಾರದಿಂದ ಹೇಳಿಕೊಳ್ಳುವ ಪೌಲ ಇಲ್ಲಿ ತನ್ನನ್ನು ಸೆರೆಯಾಳೆಂದು ಪರಿಚಯಿಸಿಕೊಳ್ಳುತ್ತಾನೆ. ತಾರ್ಸದಲ್ಲಿ ಹುಟ್ಟಿ, ಗಮಲಿಯೇಲನ ಬಳಿ ಧರ್ಮಶಾಸ್ತ್ರ ಓದಿ, ರೋಮಿನ ಪೌರತ್ವ ಇದ್ದೂ ಗುಡಾರ ಹೊಲಿದು ಹೊಟ್ಟೆ ಹೊರೆದವನು ಈತ. ಯಾವ ಸೆರೆಮನೆಯಿಂದ ಬರೆದ, ರೋಮೋ ಎಫೆಸವೋ, ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಪತ್ರ ಆ ಆಳಿನ ಒಡೆಯ ಫಿಲೆಮೋನನಿಗೆ, ಆದರೆ ವಿಳಾಸದಲ್ಲಿ ಅಪ್ಫಿಯ, ಅರ್ಖಿಪ್ಪ, ಆ ಮನೆಯಲ್ಲಿ ಕೂಡುವ ಸಭೆ ಎಲ್ಲ ಇದ್ದಾರೆ. ನಮ್ಮ ಹಳ್ಳಿಗಳಲ್ಲಿ ಪಂಚರ ಮುಂದೆ ಆಡಿದ ಮಾತಿಗೆ ಎಷ್ಟು ತೂಕವೋ ಅಷ್ಟೇ ತೂಕ ಇದಕ್ಕೂ ಬಂತು. ಸಭೆಯ ಎದುರು ಓದಿಸಿಕೊಂಡ ಕಾಗದವನ್ನು ಮಡಿಚಿ ಪೆಟ್ಟಿಗೆಗೆ ಹಾಕುವುದು ಫಿಲೆಮೋನನಿಗೆ ಸುಲಭವಿರಲಿಲ್ಲ.

ವಚನ 4–7: ಕೃತಜ್ಞತೆ, ಹೊಗಳಿಕೆ. ಆ ಕಾಲದ ಪತ್ರಗಳ ರೂಢಿ.

ವಚನ 8–9: ಆಜ್ಞೆ ಮಾಡುವ ಹಕ್ಕು ತನಗಿದೆ, ಆದರೆ ಮಾಡುವುದಿಲ್ಲ ಎನ್ನುತ್ತಾನೆ. ಪ್ರೀತಿಯ ಹೆಸರಿನಲ್ಲಿ ಕೇಳುತ್ತಾನೆ. ಮುದುಕನೆಂದೂ ಬಂದಿಯೆಂದೂ ಹೇಳಿಕೊಳ್ಳುತ್ತಾನೆ. ಪೌಲನ ಬೋಧನೆಯ ತಿರುಳೇ ಇದು. ಬಲವಿದ್ದವನು ಅದನ್ನು ಕೆಳಗಿಟ್ಟು ಬಂದರೆ ಎದುರಿಗಿದ್ದವನೂ ತನ್ನ ಬಲವನ್ನು ಕೆಳಗಿಡಬೇಕಾಗುತ್ತದೆ.

ವಚನ 10–14: ಆ ಆಳು ಒನೇಸಿಮನ ಹೆಸರು ಈಗ ಬರುತ್ತದೆ. ಬಂಧನದಲ್ಲಿದ್ದಾಗ ತನಗೆ ಹುಟ್ಟಿದ ಮಗನೆಂದು, ತನ್ನ ಕರುಳೆಂದು ಕರೆದವನನ್ನೇ ಪೌಲ ಒಡೆಯನ ಬಳಿಗೆ ತಿರುಗಿ ಕಳುಹಿಸುತ್ತಾನೆ. ಇಲ್ಲಿ ನನಗೆ ತಡೆದುಕೊಳ್ಳಲಾಗುವುದಿಲ್ಲ. ತಪ್ಪಿಸಿಕೊಂಡು ಬಂದ ಆಳನ್ನು ಯಜಮಾನನ ಕೈಗೆ ಒಪ್ಪಿಸಕೂಡದು ಎಂಬ ಕಟ್ಟಳೆ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿದೆ. ಗಮಲಿಯೇಲನ ಶಿಷ್ಯನಿಗೆ ಅದು ಗೊತ್ತಿರಲೇಬೇಕು. ಓಡಿಹೋಗಿ ಸಿಕ್ಕಿಬಿದ್ದ ಗುಲಾಮನ ಹಣೆಗೆ ಬರೆ ಹಾಕುವ ರೋಮಿನ ರೂಢಿಯೂ ಗೊತ್ತಿತ್ತು. ಒನೇಸಿಮ ಓಡಿಹೋದನೋ, ರಾಜಿ ಮಾಡಿಸಲು ಪೌಲನನ್ನು ಹುಡುಕಿಕೊಂಡು ಬಂದನೋ ಪತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅವನ ಸ್ವಂತ ಮಾತು ಒಂದೂ ಇದರಲ್ಲಿಲ್ಲ.

ಈ ಮೌನಕ್ಕೆ ಬೆಲೆ ತೆತ್ತವರು ಬೇರೆಯವರು. 19ನೆಯ ಶತಮಾನದ ಅಮೆರಿಕದಲ್ಲಿ ಗುಲಾಮರ ಒಡೆಯರು ಈ ವಚನಗಳನ್ನೇ ಹಿಡಿದು ಓಡಿಹೋದವರನ್ನು ಹಿಂದಿರುಗಿಸಿ ಎಂದರು. ಜಾರ್ಜಿಯಾದಲ್ಲಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಎಂಬ ಪಾದ್ರಿ ಈ ಪತ್ರದ ಮೇಲೆ ಗುಲಾಮರಿಗೆ ಉಪದೇಶ ಮಾಡಿದಾಗ ಅರ್ಧದಷ್ಟು ಜನ ಎದ್ದು ಹೊರಟುಹೋದರು. ಇದನ್ನು ಬರೆದಿಟ್ಟವರು ಸ್ವತಃ ಜೋನ್ಸ್. ಹಾಗೆ ಎದ್ದುಹೋದವರ ಮೇಲೆ ನನಗೆ ಗೌರವವಿದೆ.

ವಚನ 15–17: ಆದರೂ ಪತ್ರ ಅಲ್ಲಿಗೇ ನಿಲ್ಲುವುದಿಲ್ಲ. ಇನ್ನು ಅವನು ದಾಸನಾಗಿ ಬೇಡ, ದಾಸನಿಗಿಂತ ಹೆಚ್ಚಿನವನಾಗಿ, ಪ್ರಿಯ ಸಹೋದರನಾಗಿ ನಿನ್ನವನಾಗಲಿ ಎಂಬುದು ಬೇಡಿಕೆ. ಪ್ರಾರ್ಥನೆಯ ಹೊತ್ತಿನ ಅಣ್ಣತಮ್ಮಂದಿರಾದರೆ ಸಾಲದು, ಲೋಕದ ವ್ಯವಹಾರದಲ್ಲೂ ಹಾಗೇ ಇರಬೇಕು. ಪೌಲನೇ ಬಂದರೆ ಹೇಗೋ ಹಾಗೆ ಇವನನ್ನು ಬರಮಾಡಿಕೊಳ್ಳಬೇಕು. ಅಂದರೆ ಜಗಲಿಯಲ್ಲಿ ನಿಲ್ಲಿಸುವಂತಿಲ್ಲ, ಒಳಗೆ ಕರೆದು ಪಂಕ್ತಿಯಲ್ಲಿ ಕೂರಿಸಬೇಕು. ನಮ್ಮಲ್ಲಿ ಈ ವಚನವನ್ನು ಎಲ್ಲಕ್ಕಿಂತ ಚೆನ್ನಾಗಿ ಬಲ್ಲವರು ಜಗಲಿಯಲ್ಲಿ ನಿಂತವರೇ.

ವಚನ 18–19: ಪತ್ರದ ಗುಂಡಿಗೆ ಇಲ್ಲಿದೆ. ಅವನು ನಷ್ಟ ಮಾಡಿದ್ದರೆ, ಸಾಲ ತೀರಿಸಬೇಕಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನು ಕೊಡುತ್ತೇನೆ ಎನ್ನುತ್ತಾನೆ ಪೌಲ; ಈ ಮಾತನ್ನು ಬರಹಗಾರನಿಗೆ ಬಿಡದೆ ತನ್ನ ಕೈಯಿಂದಲೇ ಬರೆಯುತ್ತಾನೆ. ಇದು ಸಾಲಪತ್ರ. ನಮ್ಮ ಕಡೆ ಜೀತದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನು ಯಾವಾಗಲೂ ದುಡಿಯುವವನೇ. ಅಪ್ಪನ ಸಾಲಕ್ಕೆ ಮಗ ಒತ್ತುತ್ತಾನೆ. ಈ ಪತ್ರದಲ್ಲಿ ಓದುಬಲ್ಲವನೊಬ್ಬ ಆಳಿನ ಸಾಲಕ್ಕೆ ತಾನು ಸಹಿ ಹಾಕುತ್ತಾನೆ. ಮರುಸಾಲಿನಲ್ಲೇ, ನೀನೇ ನನಗೆ ನಿನ್ನ ಜೀವದಷ್ಟು ಸಾಲಗಾರ ಎಂದು ಒಡೆಯನಿಗೆ ನೆನಪಿಸುತ್ತಾನೆ. ಅಷ್ಟಕ್ಕೆ ಸಾಲ ಕೊಟ್ಟವನೇ ಸಾಲಗಾರನಾಗಿ ನಿಂತ.

ವಚನ 20–22: ಹೇಳಿದ್ದಕ್ಕಿಂತ ಹೆಚ್ಚನ್ನೇ ಮಾಡುವೆ ಎಂಬ ಭರವಸೆ. ಹೆಚ್ಚಿನದು ಬಿಡುಗಡೆಯಲ್ಲದೆ ಮತ್ತೇನು? ಜೊತೆಗೆ, ನನಗೊಂದು ಕೋಣೆ ಅಣಿಮಾಡು ಎಂಬ ಮಾತು: ಬಂದು ನೋಡುತ್ತೇನೆ ಎಂದಹಾಗೆ.

ವಚನ 23–25: ಎಪಫ್ರ, ಮಾರ್ಕ, ಅರಿಸ್ತಾರ್ಕ, ದೇಮ, ಲೂಕರ ವಂದನೆ. ಸಾಕ್ಷಿಗಳ ಪಟ್ಟಿಯಂತೆಯೇ ಓದಬಹುದು.

ಬಿಡುಗಡೆ ಎಂಬ ಮಾತನ್ನು ಪೌಲ ಬರೆಯಬೇಕಿತ್ತು, ಬರೆಯಲಿಲ್ಲ. ನಮ್ಮ ದೇಶದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅದನ್ನು ನೇರವಾಗಿ ಬರೆದಿದೆ: ಜೀತಗಾರ ಮುಕ್ತ, ಅವನ ಜೀತದ ಸಾಲವೂ ರದ್ದು. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಯಾರನ್ನಾದರೂ ತೋಟದಲ್ಲೋ ಇಟ್ಟಿಗೆ ಭಟ್ಟಿಯಲ್ಲೋ ಹಿಡಿದಿಟ್ಟದ್ದು ಗೊತ್ತಾದರೆ, ಈ ಪತ್ರವನ್ನು ಓದುವ ಸಭೆಯವರಾಗಲಿ ಓದದ ಊರಿನವರಾಗಲಿ, ತಹಶೀಲ್ದಾರರ ಕಚೇರಿಗೆ ಹೋಗಿ ನಿಮ್ಮ ಕೈಯಿಂದಲೇ ಒಂದು ಅರ್ಜಿ ಬರೆದುಕೊಡಿ.