ಮುಂದೆ ಸಾಗದ ಹತ್ತನೆಯ ಸಂಪುಟ

ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಸರಣಿಯ ಒಂಬತ್ತನೆಯ ಕಾದಂಬರಿ ‘ವಿಂಟರ್ಸ್ ಹಾರ್ಟ್’ (2000) ದೊಡ್ಡ ಘಟನೆಯೊಂದರಲ್ಲಿ ಮುಗಿಯುತ್ತದೆ. ಮಾಂತ್ರಿಕ ಶಕ್ತಿಯ ಪುರುಷ ಭಾಗಕ್ಕೆ ಸಾವಿರಾರು ವರ್ಷಗಳಿಂದ ಅಂಟಿದ್ದ ಕಲ್ಮಷವನ್ನು ನಾಯಕ ರಾಂಡ್ ತೊಳೆದುಹಾಕುತ್ತಾನೆ. ಆ ಶಕ್ತಿ ಒಲಿದ ಗಂಡಸರಿಗೆ ಹುಚ್ಚು ಹಿಡಿಯುವುದೇ ಗತಿ ಎಂದು ನಂಬಿ ಬದುಕಿದ ಜಗತ್ತು ಅದು. ಇನ್ನು ಅಲ್ಲಿ ಏನೇನು ಅಲುಗಾಡುತ್ತದೋ ಎಂದು ಓದುಗರು ಎರಡು ವರ್ಷ ಕಾದರು. 2003ರ ಜನವರಿಯಲ್ಲಿ ಬಂದ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಆ ನಿರೀಕ್ಷೆಯನ್ನು ಹುಸಿಮಾಡಿತು.

ಕತೆ ತೀರಾ ನಿಧಾನ ಎಂಬುದು ಈ ಪುಸ್ತಕದ ಬಗ್ಗೆ ಎಲ್ಲರ ದೂರು. ಸ್ನಾನ, ಚಹಾ, ಉಡುಪಿನ ಕಸೂತಿಗಳಿಗೆ ಪುಟಗಟ್ಟಲೆ ಜಾಗ ಸಿಕ್ಕಿರುವುದು ನಿಜ. ಆದರೆ ಜೋರ್ಡನ್ ಮೊದಲಿನಿಂದಲೂ ನಿಧಾನವಾಗಿ ಹೇಳುವವರೇ. ಆ ಜಗತ್ತು ನಮ್ಮೂರಿನಷ್ಟು ಪರಿಚಿತವಾದದ್ದು ಅದರಿಂದಲೇ. ಇಲ್ಲಿ ಕೆಟ್ಟಿರುವುದು ಕಾಲದ ಜೋಡಣೆ. ರಾಂಡ್ ಆ ಮಹಾಕಾರ್ಯದಲ್ಲಿ ತೊಡಗಿದ್ದಾಗ ಉಳಿದವರು ಎಲ್ಲೆಲ್ಲಿದ್ದರು ಎಂದು ಹೇಳಲು ಕಾದಂಬರಿ ಹಿಂದಕ್ಕೆ ಹೋಗುತ್ತದೆ. ಒಬ್ಬೊಬ್ಬರಾಗಿ ದೂರದ ಶಕ್ತಿಸ್ಫೋಟವನ್ನು ಗುರುತಿಸುತ್ತಾರೆ, ಏನಿರಬಹುದು ಎಂದು ಚರ್ಚಿಸುತ್ತಾರೆ, ತಮ್ಮ ಕೆಲಸಕ್ಕೆ ಮರಳುತ್ತಾರೆ. ಉತ್ತರ ಗೊತ್ತಿರುವ ಓದುಗ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಬೇಕು.

ಫಲಿತಾಂಶ ಮೊದಲೇ ಗೊತ್ತಿದ್ದರೆ ಕತೆ ಸಪ್ಪೆಯಾಗಲೇಬೇಕೆಂದಿಲ್ಲ. ಮಹಾಭಾರತದಲ್ಲಿ ಸಂಜಯ ಭೀಷ್ಮ ಬಿದ್ದ ಸುದ್ದಿಯನ್ನು ಮೊದಲು ಹೇಳಿ, ಆಮೇಲೆ ಯುದ್ಧದ ವಿವರಕ್ಕೆ ಬರುತ್ತಾನೆ. ಆದರೂ ನಾವು ಉಸಿರು ಬಿಗಿಹಿಡಿದು ಕೇಳುತ್ತೇವೆ. ಏಕೆಂದರೆ ಕೇಳುತ್ತಿರುವ ಧೃತರಾಷ್ಟ್ರನ ಎದೆಗೆ ಒಂದೊಂದು ಮಾತೂ ನಾಟುತ್ತದೆ. ಜೋರ್ಡನ್ ಅವರ ಪಾತ್ರಗಳಿಗೆ ಅಂಥ ನೋವಾಗಲಿ ತುರ್ತಾಗಲಿ ಇಲ್ಲ. ರಾಂಡ್‌ನ ಗೆಳೆಯ ಪೆರಿನ್‌ನ ಹೆಂಡತಿ ಶಾಯ್ಡೋ ಎಂಬ ಶತ್ರುಕುಲದ ಸೆರೆಯಲ್ಲಿದ್ದವಳು ಕೊನೆಗೂ ಸೆರೆಯಲ್ಲೇ ಇದ್ದಾಳೆ. ರಾಣಿಯಾಗಲು ಹೆಣಗುತ್ತಿರುವ ಎಲೇನ್‌ಗೆ ಸಿಂಹಾಸನ ದಕ್ಕುವುದಿಲ್ಲ. ಇನ್ನೊಬ್ಬ ನಾಯಕಿ ಎಗ್ವೇನ್ ಶತ್ರುಗಳ ನಗರಕ್ಕೆ ಹಾಕಿದ ಮುತ್ತಿಗೆ ಬಹುತೇಕ ನಿಂತಲ್ಲೇ ನಿಂತು, ಅವಳು ಶತ್ರುಗಳ ಕೈಗೆ ಸಿಕ್ಕುವ ಹೊತ್ತಿಗೆ ಪುಸ್ತಕವೇ ಮುಗಿಯುತ್ತದೆ. ರಾಂಡ್ ಕಾಣಿಸಿಕೊಳ್ಳುವುದೇ ಅಪರೂಪ.

ಜೋರ್ಡನ್ ಅವರ ಕಸುವು ಬತ್ತಿರಲಿಲ್ಲ ಎನ್ನುವುದಕ್ಕೂ ಇಲ್ಲೇ ಸಾಕ್ಷಿಯಿದೆ. ಹೆಂಡತಿಯ ಸುಳಿವಿಗಾಗಿ ಹತಾಶನಾದ ಪೆರಿನ್ ಸೆರೆಸಿಕ್ಕವನೊಬ್ಬನ ಕೈ ಕಡಿಯುತ್ತಾನೆ. ತನ್ನೊಳಗಿನ ಕ್ರೌರ್ಯಕ್ಕೆ ತಾನೇ ಹೇಸಿ, ಬಹುಕಾಲ ಜೊತೆಗಿದ್ದ ಕೊಡಲಿಯನ್ನು ತೊರೆಯುತ್ತಾನೆ. ಪ್ರೀತಿ ಮನುಷ್ಯನನ್ನು ಎಲ್ಲಿಗೆ ತಳ್ಳಬಲ್ಲದು ಎಂಬುದನ್ನು ಇಡೀ ಸರಣಿಯಲ್ಲಿ ಇಷ್ಟು ನಿಷ್ಠುರವಾಗಿ ತೋರಿಸಿದ ದೃಶ್ಯಗಳು ಕಡಿಮೆ. ರಾಂಡ್‌ನ ಇನ್ನೊಬ್ಬ ಗೆಳೆಯ ಮ್ಯಾಟ್ ಮತ್ತು ಅವನು ಹೊತ್ತೊಯ್ದ ಟುವಾನ್ ಒಬ್ಬರನ್ನೊಬ್ಬರು ಅಳೆಯುವ ಸನ್ನಿವೇಶಗಳಲ್ಲೂ ಜೀವವಿದೆ. ಈ ಎರಡು ಕಡೆ ಮಾಡಿದ್ದಕ್ಕೆ ಪರಿಣಾಮವಿದೆ, ಪಾತ್ರಗಳು ಇದ್ದಂತೆಯೇ ಉಳಿಯುವುದಿಲ್ಲ.

2005ರ ‘ನೈಫ್ ಆಫ್ ಡ್ರೀಮ್ಸ್’ನಲ್ಲಿ ಪೆರಿನ್, ಎಲೇನ್, ಮ್ಯಾಟ್ ಮೂವರ ಕತೆಗಳೂ ದಡ ಸೇರಿದವು. ಸರಕಿಗೆ ಕೊರತೆಯಿರಲಿಲ್ಲ ಎಂದಾಯಿತು. 2007ರಲ್ಲಿ ಜೋರ್ಡನ್ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಬ್ರಾಂಡನ್ ಸ್ಯಾಂಡರ್ಸನ್ 2013ರಲ್ಲಿ ಸರಣಿಯನ್ನು ಪೂರ್ತಿಗೊಳಿಸಿದರು. ಹದಿನಾಲ್ಕೂ ಸಂಪುಟ ಒಟ್ಟಿಗೆ ಸಿಗುವ ಇಂದಿನ ಓದುಗನಿಗೆ ಹತ್ತನೆಯದು ಅಷ್ಟು ಭಾರವಾಗದಿರಬಹುದು, ಮುಂದಿನದು ಕೈಯಳತೆಯಲ್ಲೇ ಇರುತ್ತದೆ. ಆದರೆ ಅದು ಮುಂದಿನ ಸಂಪುಟಗಳ ಋಣ. ದೊಡ್ಡದೊಂದನ್ನು ನಡೆಸಿದ ಲೇಖಕ ಅದರ ಪರಿಣಾಮವನ್ನೂ ನಮ್ಮ ಮುಂದಿಡಬೇಕು. ಆ ಹೊಣೆಯನ್ನು ಈ ಕಾದಂಬರಿ ಹೊರಲಿಲ್ಲ.