ರಿಪೆಂಟ್, ರಿಗ್ರೆಟ್ ಮತ್ತು ಯೂದನ ಪಶ್ಚಾತ್ತಾಪ

ಆಂಗ್ಲ ಭಾಷೆಯ 'ರಿಪೆಂಟ್' ಮತ್ತು 'ರಿಗ್ರೆಟ್' ಎಂಬ ಕ್ರಿಯಾಪದಗಳು ನೆರೆಹೊರೆಯವು, ಆದರೆ ಒಂದೇ ಮನೆಯವಲ್ಲ. ರೈಲು ತಪ್ಪಿಸಿಕೊಂಡವನೂ 'ರಿಗ್ರೆಟ್' ಮಾಡಬಹುದು; ಅಲ್ಲಿ ಪಾಪದ ಪ್ರಶ್ನೆಯೇ ಇಲ್ಲ. ತಪ್ಪನ್ನು ತಪ್ಪೆಂದು ಒಪ್ಪಿ ಬಾಳಿನ ದಿಕ್ಕನ್ನು ಬದಲಿಸುವುದಕ್ಕೆ 'ರಿಪೆಂಟ್' ಎನ್ನುತ್ತಾರೆ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿಯೂ 'ಮೆತನೊಯೆಯೊ', 'ಮೆತಮೆಲೊಮಾಯಿ' ಎಂಬ ಎರಡು ಪದಗಳಿವೆ. 1611ರ ಕಿಂಗ್ ಜೇಮ್ಸ್ ಭಾಷಾಂತರವು ಎರಡಕ್ಕೂ 'ರಿಪೆಂಟ್' ಪದವನ್ನೇ ಬಳಸಿತು. ಹೀಗಾಗಿ, ಕೊರಿಂಥದವರಿಗೆ ಕಟುವಾಗಿ ಬರೆದುದಕ್ಕೆ ಮರುಗಿದೆನೆಂದು ಪೌಲನು ಹೇಳುವಲ್ಲಿಯೂ (2 ಕೊರಿಂಥ 7:8) ಪಾಪಿಯ ದನಿಯೇ ಕೇಳಿಸಿತು. 1881ರ ಪರಿಷ್ಕೃತ ಆವೃತ್ತಿ ಅದನ್ನು 'ರಿಗ್ರೆಟ್' ಎಂದು ತಿದ್ದಿತು, ಅದು ಸರಿ. ಆದರೆ ಅದೇ ಗ್ರೀಕ್ ಪದವಿರುವ ಯೂದನ ಪ್ರಸಂಗದಲ್ಲಿ (ಮತ್ತಾಯ 27:3) 'ರಿಪೆಂಟ್' ಹಾಗೆಯೇ ಉಳಿಯಿತು. ನ್ಯೂ ಅಮೆರಿಕನ್ ಬೈಬಲ್‌ನ 1986ರ ಪರಿಷ್ಕರಣೆಯಲ್ಲಿ ಅಲ್ಲಿಯೂ 'ರಿಗ್ರೆಟ್' ಬಂದಿದೆ.

ಇದನ್ನು ಹಿಡಿದು ನಮ್ಮ ಪ್ರಬೋಧಕರು, ಪೇತ್ರನದು ನಿಜವಾದ ಮನಪರಿವರ್ತನೆ, ಯೂದನದು ಬರಿಯ ಮರುಕ ಎಂದು ತೀರ್ಪು ಕೊಡುವುದುಂಟು. ಪದಗಳು ಆ ಭಾರವನ್ನು ಹೊರಲಾರವು. ಪೇತ್ರನ ಕುರಿತು ಮತ್ತಾಯನು ಈ ಎರಡರಲ್ಲಿ ಒಂದನ್ನೂ ಬಳಸಿಲ್ಲ. ಅವನು ಅತ್ತನೆಂದಷ್ಟೇ ಬರೆದಿದ್ದಾನೆ (26:75). ದ್ರಾಕ್ಷಿತೋಟಕ್ಕೆ ಹೋಗುವುದಿಲ್ಲವೆಂದು ಹೇಳಿ ಬಳಿಕ ಹೋದ ಮಗನಿಗಾದರೋ ಯೂದನಿಗೆ ಬಳಸಿದ ಪದವನ್ನೇ ಬಳಸಿದ್ದಾನೆ (21:29). ಆ ಮಗನನ್ನು ಯೇಸುಸ್ವಾಮಿ ಮೆಚ್ಚಿದ್ದಾರೆ!

1551ರಲ್ಲಿ ಟ್ರೆಂಟ್ ಮಹಾಸಭೆ ಪ್ರಾಯಶ್ಚಿತ್ತ ಸಂಸ್ಕಾರಕ್ಕೆ ಬರುವವನಿಂದ ಅಪೇಕ್ಷಿಸಿದ್ದು ಪಾಪದುಃಖ, ಪಾಪನಿವೇದನೆ ಮತ್ತು ಪರಿಹಾರ. ಯೂದನು ನೊಂದನು, ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದನು, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದನು. ಅದೇ ಮಹಾಸಭೆ ಪಾಪದುಃಖದೊಡನೆ ದೈವಕರುಣೆಯಲ್ಲಿ ಭರವಸೆಯೂ ಇರಬೇಕೆಂದಿತು. ಆ ಭರವಸೆಯನ್ನು ಅವನಿಗೆ ತುಂಬಬೇಕಾಗಿದ್ದವರು ಯಾಜಕರು. ಅವರು ತಮಗೇನೆಂದು ಕೈಬಿಟ್ಟರು. ಯಾಜಕರಾದ ನಾವು ಈ ವಾಕ್ಯವನ್ನು ಬೇಗ ದಾಟಿಹೋಗುತ್ತೇವೆ.

ಇದು ನಿಘಂಟಿನ ಜಗಳವಷ್ಟೇ ಅಲ್ಲ. ಆತ್ಮಹತ್ಯೆ ಮಾಡಿಕೊಂಡವರ ಮನೆಯವರು ಯೂದನ ಹೆಸರನ್ನು ಕೇಳಿ ಬೆಚ್ಚುತ್ತಾರೆ. ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2283) ಬೋಧಿಸುವಾಗ, ಒಂದು ಕ್ರಿಯಾಪದದ ಬಲದಿಂದ ನರಕದ ಬಾಗಿಲು ಮುಚ್ಚುವ ಅಧಿಕಾರ ನಮಗಿಲ್ಲ.

ಕನ್ನಡದ 'ಪಶ್ಚಾತ್ತಾಪ'ಕ್ಕೆ ಆ ಬಳಿಕದ ಬೇಗೆ ಎಂಬುದೇ ಮೂಲಾರ್ಥ. ಯೇಸುವಿನ ಮೊದಲ ಕರೆಗೆ (ಮಾರ್ಕ 1:15) ಅದು ಸಾಲದು. ಅಲ್ಲಿ 'ಮನಪರಿವರ್ತನೆ'ಯೇ ತಕ್ಕುದು. ಯೂದನಿಗೆ ಮಾತ್ರ ಅದನ್ನು ಬದಲಿಸದಿರುವುದೇ ಲೇಸು. ಬೆಂದವನು ಕೊನೆಗೆ ಯಾರತ್ತ ತಿರುಗಿದನೆಂಬುದನ್ನು ಆ ಪದ ಹೇಳುವುದಿಲ್ಲ, ಮತ್ತಾಯನೂ ಹೇಳಿಲ್ಲ.