ಬಲಮೂಲೆಯ ಹುಡುಗ

ಎಕಂಬಾ ಊರಿನ ಕಡೆಯ ಮಣ್ಣಿನಂಗಳದಲ್ಲಿ ಕಬಡ್ಡಿ ಕಲಿತವನಿಗೆ ಮ್ಯಾಟ್ ಮೊದಲು ಮೋಸ ಮಾಡುವುದು ಕಾಲಿನಲ್ಲಿ. ಮಣ್ಣಿನಲ್ಲಾದರೆ ಬರಿಗಾಲ ಬೆರಳು ಊರಿ ನಿಂತರಾಯಿತು, ಬಿದ್ದರೆ ಜಾರಿದರಾಯಿತು. ಮ್ಯಾಟ್ ಮೇಲೆ ಬೂಟಿನ ಅಡಿ ಗಪ್ಪನೆ ಕಚ್ಚಿಕೊಳ್ಳುತ್ತದೆ. ಮೈ ತಿರುಗಿದರೂ ಪಾದ ತಿರುಗದು, ಮೊಣಕಾಲು ಚುರ್ರೆನ್ನುತ್ತದೆ.

2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ ಎಲ್ಲರ ಕಣ್ಣು ರೇಡರ್ ಮೇಲೆ. ನನ್ನ ಕಣ್ಣು ಮಾತ್ರ ಮೂಲೆ ಕಾಯುವವನ ಮೇಲೆ. ಬೆಂಗಳೂರು ಬುಲ್ಸ್‌ಗೆ ಬಲಮೂಲೆಯಲ್ಲಿ ಆಡಿದ ಸೌರಭ್ ನಾಂದಲ್‌ನನ್ನೇ ನೋಡಿ. ಸೊಂಟ ಬಗ್ಗಿಸಿ, ಕೈ ಸಡಿಲ ಬಿಟ್ಟು, ರೇಡರ್‌ನ ಮುಖವನ್ನಲ್ಲ, ಕಾಲನ್ನು ನೋಡುತ್ತ ನಿಂತಿರುತ್ತಾನೆ. ರೇಡರ್ ಬೋನಸ್ ಗೆರೆ ದಾಟಿಸಲು ಒಂದು ಕಾಲು ಚಾಚುತ್ತಾನೆ, ಹಿಂದಿನದು ಗಾಳಿಯಲ್ಲಿ. ಮೈಭಾರವೆಲ್ಲ ಆ ಒಂದೇ ಪಾದಕ್ಕೆ ಇಳಿಯುವ ಅರೆಕ್ಷಣವೇ ಮುಹೂರ್ತ. ಎರಡೂ ಕೈ ಕಣಕಾಲು ಸುತ್ತಿ ಬಿಗಿಯುತ್ತವೆ. ಅಷ್ಟರಲ್ಲಿ ಪಕ್ಕದವ ಬಂದು ದಾರಿ ಮುಚ್ಚಿರುತ್ತಾನೆ.

ಹೊಸ ಹುಡುಗನಿಗೆ ಆ ಅರೆಕ್ಷಣವೇ ದಕ್ಕುವುದಿಲ್ಲ. ಊರಲ್ಲಿ ನುಗ್ಗಿದವನೇ ಗಂಡು, ಶಿಳ್ಳೆಯೂ ಅವನಿಗೇ. ಇಲ್ಲಿ ನುಗ್ಗಿದರೆ ರೇಡರ್ ನಗುತ್ತ ಕೈ ತಾಗಿಸಿ ಮರಳುತ್ತಾನೆ, ಹುಡುಗ ಬೆಂಚಿಗೆ. ರೇಡಿಗಿರುವುದು 30 ಸೆಕೆಂಡು. ತಂಡದ ಎರಡು ರೇಡು ಸತತ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೇಡರ್ ಔಟ್. ಅಂದರೆ ಗಡಿಯಾರವೂ ಮೂಲೆಯವನ ಕಡೆಗೇ ಆಡುತ್ತಿರುತ್ತದೆ. ಇದನ್ನು ತಲೆ ಬೇಗ ಒಪ್ಪುತ್ತದೆ, ತೊಡೆ ಒಪ್ಪುವುದಿಲ್ಲ.

“ತಡಿಯೋ ತಮ್ಮಾ, ಅವನಾ ಬರ್ತಾನ,” ಎಂದು ಟಿವಿ ಮುಂದೆ ಕೂತ ನಮ್ಮ ಕಾಕಾ ಕೂಗುತ್ತಾರೆ. ಹುಡುಗ ಬೆರಳು ಮಡಚಿ, ಬಿಚ್ಚಿ, ಅರ್ಧ ಹೆಜ್ಜೆ ಹಿಂದೆ ಸರಿದು ಕಾಯುತ್ತಾನೆ.